ಮೂರನೇ ಮಹಡಿಯ ಫ್ರಿಜ್

ಕರೆಂಟು ಉಳಿಸುವ ಹುಚ್ಚು ಆ ಕಟ್ಟಡಕ್ಕೆ ಹಿಡಿದದ್ದು ಬೇಸಿಗೆಯ ಶುರುವಿನಲ್ಲಿ. ಒಳ್ಳೆಯ ಹುಚ್ಚೇ, ಇಲ್ಲವೆನ್ನುವಂತಿಲ್ಲ. ಯಾವ ಮಹಡಿ ಕಡಿಮೆ ಉರಿಸುತ್ತದೋ ಅದರ ಹೆಸರು ಕೆಳಬಾಗಿಲ ಬಳಿಯ ಹಲಗೆಯಲ್ಲಿ ಎಲ್ಲಕ್ಕಿಂತ ಮೇಲೆ ಬರುತ್ತಿತ್ತು. ಅಷ್ಟಕ್ಕೇ ದೊಡ್ಡವರೆಲ್ಲ ಚಿಕ್ಕಮಕ್ಕಳಿಗಿಂತ ಕಡೆಯಾದರು. ಯಾರದೋ ಬಚ್ಚಲಲ್ಲಿ ದೀಪ ಮರೆತು ಉಳಿದರೆ ನಾಲ್ಕು ಮನೆಯವರು ಬಂದು ಬಾಗಿಲು ತಟ್ಟುತ್ತಿದ್ದರು, ನಗುನಗುತ್ತಲೇ.

ಮೂರನೇ ಮಹಡಿಗೆ ಮುಂದಾಳು ನಿವೃತ್ತ ಮೇಷ್ಟ್ರು. "ನಾಲ್ಕು ಮನೆಗೆ ನಾಲ್ಕು ಫ್ರಿಜ್ ಯಾಕ್ರೀ? ಒಂದು ಸಾಕು. ನಮ್ಮನೇದೇ ಇರ್ಲಿ," ಅಂದರು. ಎಲ್ಲರೂ ಹೂಂ ಅಂದರು. ಎದುರುಮನೆಯ ಹೊಲಿಗೆಯಮ್ಮ ಮಾತ್ರ ಹಿಂದೆಮುಂದೆ ನೋಡಿದಳು. ಅವಳ ಮಗಳು ಗುಬ್ಬಿಗೆ ಸಕ್ಕರೆ ಕಾಯಿಲೆ. ದಿನವೂ ಇನ್ಸುಲಿನ್ ಚುಚ್ಚಬೇಕು, ಅದರ ಸೀಸೆಗಳು ತಣ್ಣಗಿರಬೇಕು.

"ಅಯ್ಯೋ, ಗುಬ್ಬಿ ನಮ್ಮ ಮಗು ಅಲ್ವೇನಮ್ಮಾ? ಒಳಗಡೆ ಮೂಲೇಲಿ ಜಾಗ ಕೊಡ್ತೀನಿ. ಯಾರ ಕೈಯೂ ತಾಗಲ್ಲ," ಅಂದರು ಮೇಷ್ಟ್ರು.

ಹೇಳಿದಂತೆಯೇ ಕೊಟ್ಟರು, ಹಿಂಗೋಡೆಗೆ ಒತ್ತಿಕೊಂಡ ಜಾಗ. ಗಂಡ ಹೋದಮೇಲೆ ಯಾರಾದರೂ 'ನಮ್ಮ ಮಗು' ಅಂದರೆ ಸಾಕು, ಕರಗಿಹೋಗುವ ಹೆಂಗಸು ಆಕೆ. ತನ್ನ ಫ್ರಿಜ್ಜಿನ ವೈರು ಕಿತ್ತು, ಅದರೊಳಗೆ ಗಿರಾಕಿಗಳ ಬಟ್ಟೆ ಮಡಚಿಟ್ಟಳು.

ಮೂರನೇ ಮಹಡಿ ಹಲಗೆಯ ನೆತ್ತಿಗೇರಿತು. ಗುಬ್ಬಿ ಇಳಿಯತೊಡಗಿದಳು. ಲಂಗ ಸೊಂಟದಲ್ಲಿ ನಿಲ್ಲದಾಯಿತು. ತಾಯಿ ಬೆರಳಗಲ ಒಳಗೆ ಹಿಡಿದು ಹೊಲಿದಳು, ಆಮೇಲೆ ಇನ್ನೂ ಬೆರಳಗಲ. ಎಷ್ಟು ನೀರು ಕುಡಿದರೂ ಹುಡುಗಿಯ ಬಾಯಾರಿಕೆ ಇಂಗಲಿಲ್ಲ. ರಕ್ತ ನೋಡುವ ಪುಟ್ಟ ಯಂತ್ರ ದಿನವೂ ಎದೆ ಧಸಕ್ಕೆನ್ನುವ ಅಂಕಿ ತೋರಿಸುತ್ತಿತ್ತು.

"ಕದ್ದು ತಿಂತಿರಬೇಕು. ಸ್ವಲ್ಪ ಕಣ್ಣಿಟ್ಟಿರಿ, ಡೋಸು ಜಾಸ್ತಿ ಮಾಡಿ," ಅಂದರು ಡಾಕ್ಟರು ಫೋನಿನಲ್ಲಿ.

ತಾಯಿ ನಂಬಿದಳು. ಸಕ್ಕರೆ ಡಬ್ಬಿಗೆ ಬೀಗ ಹಾಕಿದಳು, ಶಾಲೆಯ ಚೀಲ ಜಾಲಾಡಿದಳು, ಹಾಸಿಗೆಯಡಿ ತಡಕಿದಳು. ಏನೂ ಸಿಗದಿದ್ದಾಗ ಅವಳ ಸಿಟ್ಟು ಇನ್ನೂ ಏರಿತು.

"ನಾನು ತಿಂದಿಲ್ಲಮ್ಮ."

"ಬಾಯ್ಮುಚ್ಚು! ಹಾಗಾದ್ರೆ ನಾನು ಚುಚ್ತಿರೋದೇನು, ನೀರಾ?" ಅಂದವಳೇ ಕೆನ್ನೆಗೆ ಬಾರಿಸಿದಳು. ಅಂದಿನಿಂದ ಗುಬ್ಬಿ ಮಾತು ಕಡಿಮೆ ಮಾಡಿದಳು. ಮನೆಯಲ್ಲಿ ಹೊಲಿಗೆ ಮಿಷನ್ನಿನ ಸದ್ದೊಂದೇ ಉಳಿಯಿತು.

ಒಂದು ಬೆಳಗ್ಗೆ ಹುಡುಗಿ ವಾಂತಿ ಮಾಡಿಕೊಂಡು ಮಲಗಿದವಳು ಏಳಲಿಲ್ಲ. ಮನೆಯಲ್ಲಿ ಬಳಸುತ್ತಿದ್ದ ಸೀಸೆಯೂ ಖಾಲಿಯಾಗಿತ್ತು. ಹೊಲಿಗೆಯಮ್ಮ ಹೊಸ ಸೀಸೆ ತರಲು ಹೋಗುತ್ತಿದ್ದದ್ದು ಯಾವಾಗಲೂ ಸಂಜೆ, ಕೆಲಸ ಮುಗಿಸಿ. ಈ ಸಲ ಬೆಳಕು ಹರಿಯುತ್ತಲೇ ಓಡಿದಳು. ಮೇಷ್ಟ್ರು ಒಲೆಯ ಮೇಲೆ ಚಹಾ ಇಟ್ಟಿದ್ದರು.

"ನೀನೇ ತಗೋಮ್ಮ, ಬಾಗಿಲು ಮಾತ್ರ ಬೇಗ ಹಾಕು."

ಮೂಲೆಗೆ ಕೈ ಹಾಕಿದಳು. ಸೀಸೆ ಬರಲಿಲ್ಲ, ಗೋಡೆಗೆ ಅಂಟಿಕೊಂಡಿತ್ತು. ಜೋರಾಗಿ ಎಳೆದಾಗ ಚಟಕ್ಕೆಂದು ಕಿತ್ತುಬಂತು. ಒಳಗಿನ ಔಷಧಿ ಕಲ್ಲಾಗಿತ್ತು.

"ಮೇಷ್ಟ್ರೇ, ಇದು ಗಟ್ಟಿಯಾಗಿದೆಯಲ್ಲಾ!"

"ಆಗ್ಲೇಬೇಕಲ್ಲಮ್ಮಾ!" ಮೇಷ್ಟ್ರ ಮುಖ ಅರಳಿತು. "ನಾವು ಗೆಲ್ತಿರೋ ಗುಟ್ಟೇ ಅದು. ಹಗಲ ಸೆಕೇಲಿ ಓಡಿದ್ರೆ ಫ್ರಿಜ್ ಕರೆಂಟು ಜಾಸ್ತಿ ಎಳೆಯುತ್ತೆ. ಅದಕ್ಕೇ ರಾತ್ರಿ ಗುಂಡಿ ಪೂರ್ತಿ ತಿರುಗಿಸಿ ಹೆಪ್ಪುಗಟ್ಟಿಸ್ತೀನಿ, ಬೆಳಗ್ಗೆ ಆಫ್. ಸಂಜೆ ಹೊತ್ತಿಗೆ ಎಲ್ಲಾ ಕರಗಿ ಮೊದಲಿನ ಹಾಗೇ ಆಗಿರುತ್ತೆ. ಪಕ್ಕದ ಬೀದಿಯವರಿಗೂ ಹೇಳಿಕೊಟ್ಟಿದ್ದೀನಿ."

ಹೊಲಿಗೆಯಮ್ಮ ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿದಳು. ಮೊದಲ ಸೀಸೆ ಕೊಡುವಾಗ ನರ್ಸಮ್ಮ ಬಿಡಿಸಿ ಹೇಳಿದ್ದಳು: ಇದು ಒಮ್ಮೆ ಹೆಪ್ಪುಗಟ್ಟಿದರೆ ಎಸೆದುಬಿಡಬೇಕು, ಕರಗಿದಮೇಲೆ ನೋಡಲು ಹಾಗೇ ಕಾಣಬಹುದು, ನಂಬುವಂತಿಲ್ಲ. ಬೇಸಿಗೆಯುದ್ದಕ್ಕೂ ತಾನು ಮಗಳಿಗೆ ಚುಚ್ಚಿದ್ದು ಸತ್ತ ಔಷಧಿಯನ್ನು. ಚುಚ್ಚಿದ್ದಲ್ಲದೆ ಹೊಡೆದೂ ಇದ್ದಳು. ಆ ಕೈಯನ್ನು ಕತ್ತರಿಸಿ ಹಾಕಬೇಕೆನಿಸಿತು ಅವಳಿಗೆ.

"ಹೆಪ್ಪುಗಟ್ಟಿದ್ರೆ ಇದು ಕೆಲಸ ಮಾಡಲ್ಲ ಮೇಷ್ಟ್ರೇ," ಅಂದಳು.

"ನಾನು... ಭದ್ರವಾಗಿರ್ಲಿ ಅಂತ ಒಳಗಡೆ..." ಮೇಷ್ಟ್ರ ಚಹಾ ಉಕ್ಕಿ ಒಲೆ ಆರಿತು.

ಅವಳು ಆಗಲೇ ತನ್ನ ಮನೆಯಲ್ಲಿದ್ದಳು. ಗುಬ್ಬಿ ಬಾಯಿಂದ ಏದುಸಿರು ಬಿಡುತ್ತಿದ್ದಳು. ಆ ಉಸಿರಿಗೆ ಕೊಳೆತ ಹಣ್ಣಿನ ವಾಸನೆಯಿತ್ತು. ಪಕ್ಕದ ಮನೆಯ ಡ್ರೈವರು ಟ್ಯಾಕ್ಸಿ ತೆಗೆಯಲು ಮೆಟ್ಟಿಲಿಳಿದು ಓಡಿದ. ತಾಯಿ ಮಗಳನ್ನು ಹೆಗಲಿಗೆ ಹಾಕಿಕೊಂಡು ಹಿಂದೆಯೇ ಇಳಿದಳು. ಇಷ್ಟು ದೊಡ್ಡ ಹುಡುಗಿ ಇಷ್ಟು ಹಗುರ ಹೇಗಾದಳೆಂದು ಅವಳಿಗೆ ಭಯವಾಯಿತು. ಬರಿಗಾಲಲ್ಲಿ ಬೆನ್ನುಹತ್ತಿದ್ದ ಮೇಷ್ಟ್ರು ತಮ್ಮಷ್ಟಕ್ಕೆ, "ಆ ಬೀದೀಲಿ ಇನ್ಯಾರ ಮನೇಲಿ ಏನೇನಿಟ್ಟಿದ್ದಾರೋ," ಅನ್ನುತ್ತಿದ್ದರು.

ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ ಗುಬ್ಬಿ ಅರೆಗಣ್ಣು ತೆರೆದಳು. ತಾಯಿಯ ಮುಖ ಹತ್ತಿರ ಬಂದದ್ದು ಕಂಡು ಕೆನ್ನೆಗೆ ಕೈ ಅಡ್ಡ ಇಟ್ಟುಕೊಂಡಳು.

"ತಿಂದಿಲ್ಲಮ್ಮ," ಅಂದಳು.

"ಗೊತ್ತು ಕಂದಾ. ನನಗೆ ಗೊತ್ತು."

ಗುಬ್ಬಿಯ ಕೈ ಮೆಲ್ಲಗೆ ಕೆಳಗೆ ಜಾರಿತು. ಅವಳಿಗೆ ಕೇಳಿಸಿತೋ ಇಲ್ಲವೋ ತಿಳಿಯದೆ, ತಾಯಿ ಅದೇ ಮಾತನ್ನು ಇನ್ನೂ ಗಟ್ಟಿಯಾಗಿ ಹೇಳತೊಡಗಿದಳು.