ಕೊನೆಯ ಅಂಗುಲ

ತಂಗಿಗೆ ಕೈಯ ಅಳತೆ ಇರಲಿಲ್ಲ. ಬಲ ಇತ್ತು, ಕಣ್ಣು ಚುರುಕು, ಬಾಯಿ ಇನ್ನೂ ಚುರುಕು. ಸುಮ್ಮನೆ ಕೂತಾಗ ಕೈ ಕಲ್ಲಿನಂತೆ ನಿಂತಿರುತ್ತಿತ್ತು. ಏನನ್ನಾದರೂ ಮುಟ್ಟಲು ಹೊರಟರೆ, ಗುರಿ ಹತ್ತಿರವಾದಷ್ಟೂ ನಡುಗುತ್ತಿತ್ತು.

ಆರು ಕಡೆ ಕೆಲಸ ಕೇಳಿ ಇಲ್ಲವೆನ್ನಿಸಿಕೊಂಡವಳನ್ನು ಅಕ್ಕ ತಾನು ದುಡಿಯುತ್ತಿದ್ದ ಮೊಟ್ಟೆ ವಿಂಗಡಿಸುವ ಕೋಣೆಗೆ ಕರೆತಂದಳು. ಕಾಲು ಅಗಲಿಸಿ ತೂರಾಡುತ್ತ ಬಂದವಳನ್ನು ಮೇಲ್ವಿಚಾರಕಿ ಅಡಿಯಿಂದ ಮುಡಿಯವರೆಗೆ ನೋಡಿದಳು.

“ಬೆಳಿಗ್ಗೆ ಬೆಳಿಗ್ಗೆನೇ ಹಾಕ್ಕೊಂಡು ಬಂದಿದ್ದೀಯೇನಮ್ಮಾ?”

“ಹಾಕ್ಕೊಂಡಿದ್ರೆ ನಿಮಗೂ ಒಂದು ತೊಟ್ಟು ತರ್ತಿದ್ದೆ ಮೇಡಂ. ಹುಟ್ಟಿದಾಗಿಂದ ಹೀಗೇ. ಸೆರೆಬ್ರಲ್ ಪಾಲ್ಸಿ.”

“ನಮ್ಮ ಪಕ್ಕದ್ಮನೆ ಮಗುಗೂ ಇದೆ. ಅದರ ಕೈಕಾಲು ಸೆಟೆದು ಹೋಗಿದೆ. ನಿಂದು ನೆಟ್ಟಗೇ ಇದೆಯಲ್ಲ?”

“ಹೆಚ್ಚಿನವ್ರಿಗೆ ಹಾಗೇ ಬಿಗಿಯುತ್ತೆ. ನಂದು ಅಪರೂಪದ್ದು, ಅಟಾಕ್ಸಿಕ್. ಮಿದುಳಿಗೆ ದೂರದ ಲೆಕ್ಕ ತಪ್ಪುತ್ತೆ. ಕೊನೇ ಅಂಗುಲದಲ್ಲೇ ತಕರಾರು.”

ಪರೀಕ್ಷೆ ಎಲ್ಲರಿಗೂ ಒಂದೇ. ಮೂವತ್ತು ಮೊಟ್ಟೆಗಳನ್ನು ಒಂದೊಂದಾಗಿ, ಒಳಗೆ ಕೆಟ್ಟಿದೆಯೇ ಎಂದು ದೀಪಕ್ಕೆ ಹಿಡಿದು ನೋಡಿ, ತಟ್ಟೆಯ ಗುಳಿಗಳಲ್ಲಿ ಇಡಬೇಕು. ಮೂರು ಒಡೆದರೆ ಮನೆಗೆ.

ತಂಗಿ ಜೊತೆಗೆ ತಂದಿದ್ದ ಸಣ್ಣ ಮರಳಿನ ಚೀಲವನ್ನು ಮಣಿಕಟ್ಟಿಗೆ ಕಟ್ಟಿಕೊಂಡಳು. ಭಾರವಿದ್ದರೆ ಅವಳ ನಡುಕ ತುಸು ತಗ್ಗುತ್ತಿತ್ತು. ಮೊಣಕೈಯನ್ನು ಮೇಜಿಗೆ ಊರಿ, ಕೈಯನ್ನು ಆದಷ್ಟೂ ಎತ್ತದೆ ಜಾರಿಸಿದಳು.

ನಾಲ್ಕನೆಯದು ಒಡೆಯಿತು. ಹನ್ನೊಂದನೆಯದೂ ಒಡೆಯಿತು.

“ಹುಷಾರು ಕಣೇ!” ಅಕ್ಕ ಒಂದು ಹೆಜ್ಜೆ ಮುಂದೆ ಬಂದಳು.

“ನೀನು ಬಾಯಿ ಮುಚ್ಚಿದ್ರೆ ಹುಷಾರಾಗೇ ಇರ್ತೀನಿ. ಹತ್ರ ಬರಬೇಡ.”

ಅಕ್ಕ ಹಿಂದೆ ಸರಿದು ನಿಂತಳು. ಚಿಕ್ಕಂದಿನಿಂದ ತಂಗಿಯ ಲೋಟ, ಚಮಚ, ಪೆನ್ನುಗಳನ್ನೆಲ್ಲ ಬೀಳುವ ಮೊದಲೇ ಹಿಡಿದು ಅಭ್ಯಾಸವಾದ ಕೈ ಅವಳದು.

ಇಪ್ಪತ್ತೇಳು ಗುಳಿ ತುಂಬಿದವು. ಉಳಿದದ್ದು ಒಂದೇ ಮೊಟ್ಟೆ. ಅದು ಗುಳಿಯ ಅಂಚಿಗೆ ಬರುತ್ತಲೇ ಕೈ ಜೋರಾಗಿ ನಡುಗಿತು. ಚಿಪ್ಪು ತಟ್ಟೆಗೆ ಟಕಟಕ ತಾಗಿತು. ತಂಗಿ ಕೈ ಹಿಂದೆಳೆದು, ಉಸಿರು ಹಿಡಿದು ಕಾದಳು.

ಅಕ್ಕ ಕಾಯಲಿಲ್ಲ. ಎಂದಿನಂತೆ ಕೈಚಾಚಿ ನುಗ್ಗಿದಳು. ಸೊಂಟ ಮೇಜಿಗೆ ಬಡಿದು ಇಡೀ ತಟ್ಟೆ ನೆಲಕ್ಕೆ ಬಿತ್ತು. ಅದರಲ್ಲಿದ್ದ ಒಂದೂ ಉಳಿಯಲಿಲ್ಲ.

ತಂಗಿಯ ಕೈಯಲ್ಲಿದ್ದದ್ದು ಕೈಯಲ್ಲೇ ಇತ್ತು. ಅದನ್ನು ಮಡಿಲಿಗೆ ಇಳಿಸಿಕೊಂಡಳು.

ಮೇಲ್ವಿಚಾರಕಿ ನೆಲ ನೋಡಿದಳು. “ನಾಳೆ ಎಂಟಕ್ಕೆ ಬಾ,” ಎಂದಳು ತಂಗಿಗೆ. ಅಕ್ಕನತ್ತ ತಿರುಗಿ, “ನೀನು ಈ ಕೋಣೆಗೆ ಕಾಲಿಡಬೇಡ. ಪೆಟ್ಟಿಗೆ ಕಟ್ಟೋ ಕಡೆ ಹೋಗು,” ಎಂದಳು.

ತಂಗಿಯಿಂದ ಒಡೆದವು ಎರಡು. ಅಕ್ಕನಿಂದ ಇಪ್ಪತ್ತೇಳು.