ಮೂರನೇ ಸಾಲು

“ಮನಸ್ಸಲ್ಲೇ ಓದಿದ್ರೆ ಲೆಕ್ಕಕ್ಕಿಲ್ಲ ಕಣಮ್ಮ. ಗಟ್ಟಿಯಾಗಿ ಓದು,” ಎಂದು ಮೆಷಿನ್ ಮಾವ ಕಿವಿಯ ಹಿಂದೆ ಅಂಗೈ ಹಿಡಿದರು. ನಲವತ್ತು ವರ್ಷ ಅಚ್ಚಿನ ಯಂತ್ರದ ಪಕ್ಕ ನಿಂತು ಅವರ ಕಿವಿ ಅರ್ಧ ಹೋಗಿತ್ತು.

ಮಗಳಿಗೆ ರೇಗಿತು. ಅಪ್ಪನ ದೇಹವನ್ನು ಮನೆಯಲ್ಲಿ ಬಿಟ್ಟು ಓಡಿ ಬಂದಿದ್ದಾಳೆ. ಹನ್ನೆರಡಕ್ಕೆ ಎತ್ತುತ್ತಾರೆ. ಅಷ್ಟರೊಳಗೆ ನೂರು ಕಾರ್ಡು ಆಗಬೇಕು. ಬಂದವರ ಕೈಗೆಲ್ಲ ಒಂದೊಂದು ಕೊಟ್ಟು, ಅದರಲ್ಲಿನ ಪದ್ಯವನ್ನು ಗುಂಡಿಯ ಪಕ್ಕ ನಿಂತು ಅವಳು ಓದಬೇಕು. ಊರಿನ ಸಾವಿಗೆಲ್ಲ ಅಂಥ ಪದ್ಯ ಬರೆದು, ಇದೇ ಅಂಗಡಿಯಲ್ಲಿ ಅಕ್ಷರದ ಮೊಳೆ ಜೋಡಿಸಿ ಅಚ್ಚು ಹಾಕಿ ಕೊಟ್ಟವನು ಅಪ್ಪ. ‘ನಾಲ್ಕು ಸಾಲಿನವರು’ ಎಂದೇ ಅವನನ್ನು ಕರೆಯುತ್ತಿದ್ದರು. ಈಗ ನಾಲ್ಕು ಸಾಲಿನವರಿಗೆ ನಾಲ್ಕು ಸಾಲು ಬರೆಯುವವರು ಯಾರು? ಕಾಲೇಜಿನಲ್ಲಿ ಪದ್ಯ ಪಾಠ ಮಾಡುವ ಮಗಳೇ ಅಲ್ಲವೇ ಮತ್ತೆ! ಒಂದಕ್ಷರ ಆಚೀಚೆ ಆಗಬಾರದೆಂದು ಬೆಳಗಿನಿಂದ ಕೂತು ಬರೆದು ತಂದಿದ್ದಳು. ಮೆಷಿನ್ ಮಾವ ಆಗಲೇ ಮೊಳೆ ಜೋಡಿಸಿ, ಕರಡು ತೆಗೆದು ಅವಳ ಕೈಗೆ ಕೊಟ್ಟಿದ್ದರು. ಓದಿದಳು.

ಊರಿನ ಅಳುವಿಗೆ ಪದಗಳ ಕೊಟ್ಟೆ,
ನಮ್ಮಯ ಅಳುವನು ಯಾರಿಗೆ ಬಿಟ್ಟೆ?
ಮೇಜಿನ ಮೇಲಿದೆ, ಅಪ್ಪಾ, ಪೆನ್ನು;
ಮುಚ್ಚಳ ಮುಚ್ಚದೆ ಏತಕೆ ಇಟ್ಟೆ?

ಓದಿದಳು ಎಂದರೆ, ಮೂರನೇ ಸಾಲಿನವರೆಗೆ ಓದಿದಳು. ‘ಅಪ್ಪಾ’ ಬಂದ ಕೂಡಲೇ ಗಂಟಲು ಕಟ್ಟಿತು. ನೀರು ಕುಡಿದು ಮತ್ತೆ ಶುರು ಮಾಡಿದಳು. ಮತ್ತೆ ಅಲ್ಲೇ.

“ಸರಿ, ಆ ಪದ ತೆಗೆದ್ಬಿಡ್ತೀನಿ,” ಎಂದು ಮೆಷಿನ್ ಮಾವ ಮೊಳೆ ಕೀಳುವ ಚಿಮಟ ಎತ್ತಿಕೊಂಡರು.

“ಅಯ್ಯೋ, ಬೇಡಿ! ಸಾಲಿಗೆ ನಾಲ್ಕು ಗಣ, ಗಣಕ್ಕೆ ನಾಲ್ಕು ಮಾತ್ರೆ. ಅದನ್ನ ಕಿತ್ರೆ ಸಾಲು ಕುಂಟುತ್ತೆ.”

“ಕುಂಟ್ಲಿ ಬಿಡು. ನಿಮ್ಮಪ್ಪ ಮಾಡ್ತಿದ್ದಿದ್ದೇ ಹೀಗೆ. ಕಾರ್ಡು ಮಾಡಿಸೋಕೆ ಬಂದೋರ ಕೈಲೇ ಓದಿಸೋರು. ಎಲ್ಲಿ ಅವರ ಗಂಟಲು ಕಟ್ಟುತ್ತೋ ಅಲ್ಲಿನ ಪದ ಕಿತ್ತು ಖಾಲಿ ಬಿಡೋರು. ‘ಅಲ್ಲಿ ಅವರು ಉಸಿರು ತಗೊಳ್ಲಿ ಕಣೋ’ ಅನ್ನೋರು. ಟೈಲರ್ ಹೆಂಡ್ತಿ ಕಾರ್ಡಲ್ಲಿ ಎರಡು ಕಡೆ ಖಾಲಿ ಇದೆ. ನೀನು ನೋಡಿಲ್ವಾ?”

ನೋಡಿದ್ದಳು. ನೋಡಿ ಮೂಗು ಮುರಿದಿದ್ದಳು.

*

ಆಗ ಅಮ್ಮ ತೀರಿಕೊಂಡು ಒಂದು ತಿಂಗಳು. ಮಗಳು ಹೊಸದಾಗಿ ಕೆಲಸಕ್ಕೆ ಸೇರಿದ್ದಳು. ಛಂದಸ್ಸು ನಾಲಿಗೆಯ ತುದಿಯಲ್ಲಿ, ಕೆಂಪು ಪೆನ್ನು ಬೆರಳ ತುದಿಯಲ್ಲಿ. ಒಂದು ಸಂಜೆ ಊಟದ ಮೇಜಿನ ಮೇಲೆ ಅಮ್ಮನ ಕಾರ್ಡು ಇಟ್ಟುಕೊಂಡು ಅಪ್ಪನಿಗೇ ಪಾಠ ಮಾಡಿದಳು. ದುಃಖಕ್ಕೆ ಏನಾದರೊಂದು ಕೆಲಸ ಬೇಕಿತ್ತೋ ಏನೋ.

ಬಾಗಿಲ ತೆರೆದರೆ ಬೆಳಕದು ಬಂತು,
ಕಿಟಕಿಯ ತೆರೆದರೆ ಗಾಳಿಯು ಬಂತು,
ಹೆಸರನು ಕರೆದರೆ ನಾನು
ಸುಮ್ಮನೆ ಕೇಳಿತು ಮನೆಯೇ ನಿಂತು.

“ನೋಡಪ್ಪ, ‘ಬೆಳಕು’ ಅಂದ್ರೆ ಆಗ್ತಿತ್ತು. ‘ಬೆಳಕದು’ ಯಾಕೆ? ಮಾತ್ರೆ ತುಂಬಿಸೋಕೆ ತಾನೆ? ಹೋಗ್ಲಿ ಅಂದ್ರೆ, ಮೂರನೇ ಸಾಲಲ್ಲಿ ಅದೂ ಇಲ್ಲ. ನಾಲ್ಕು ಗಣ ಇರ್ಬೇಕಾದ ಕಡೆ ಮೂರೇ ಇದೆ.” ಸಾಲಿನ ಮೊದಲಿಗೆ ‘ನಿನ್ನಯ’ ಎಂದು ಕೆಂಪು ಶಾಯಿಯಲ್ಲಿ ಬರೆದಳು. “ನೋಡು, ಈಗ ಸರಿಹೋಯ್ತು.”

ಅಪ್ಪ ಕನ್ನಡಕ ಏರಿಸಿ ನೋಡಿದ. “ಹೌದು ಮಗಳೇ, ಒಂದು ಗಣ ಕಮ್ಮಿ ಇದೆ,” ಎಂದ. ಎದ್ದು ಹೋಗಿ ಇಬ್ಬರ ತಟ್ಟೆಯನ್ನೂ ತೊಳೆದಿಟ್ಟ.

ಅಲ್ಲಿಂದ ಮುಂದೆ ಹತ್ತು ವರ್ಷ ಅವಳು ಆ ಪದ್ಯವನ್ನು ತರಗತಿಯಲ್ಲಿ ಬೋರ್ಡಿನ ಮೇಲೆ ಬರೆದಳು. ಯಾರದೆಂದು ಹೇಳುತ್ತಿರಲಿಲ್ಲ. “ತಪ್ಪೆಲ್ಲಿದೆ, ಹುಡುಕಿ,” ಎನ್ನುತ್ತಿದ್ದಳು. ವಿದ್ಯಾರ್ಥಿಗಳು ಬೆರಳು ಮಡಿಸಿ ಎಣಿಸಿ ಪಟ್ಟನೆ ಹುಡುಕಿಬಿಡುತ್ತಿದ್ದರು.

*

“ಅಮ್ಮನ ಕಾರ್ಡಲ್ಲಿ ಯಾವ ಪದ ಇತ್ತು?” ಅವಳು ಕೇಳಿದ್ದು ಮೆಷಿನ್ ಮಾವನಿಗೆ ಕೇಳಿಸಲಿಲ್ಲ. ಇನ್ನೊಮ್ಮೆ ಕೂಗಿ ಕೇಳಿದಳು.

“ಅದನ್ನ ಅವರೇ ಓದಿ ನೋಡಿದ್ರಮ್ಮ, ನೀನು ನಿಂತಿದೀಯಲ್ಲ, ಅಲ್ಲೇ ನಿಂತ್ಕೊಂಡು. ಐದು ಸಲವೋ ಆರು ಸಲವೋ. ಮೂರನೇ ಸಾಲಿನ ಮೊದಲನೇ ಪದ ದಾಟೋಕೇ ಆಗ್ಲಿಲ್ಲ. ಕೊನೆಗೆ ‘ತೆಗೆದ್ಬಿಡೋ’ ಅಂದ್ರು. ‘ಕೂಸೇ’ ಅಂತಿತ್ತು.”

ಅಪ್ಪ ಅಮ್ಮನನ್ನು ಕರೆಯುತ್ತಿದ್ದುದೇ ಹಾಗೆ. ತಲೆ ನರೆತ ಮೇಲೂ ಹಾಗೆಯೇ, ನೆಂಟರ ಎದುರಿಗೂ ಹಾಗೆಯೇ. ಅಮ್ಮ ನಾಚಿಕೊಂಡು ಬೈಯುತ್ತಿದ್ದಳು. ಮಗಳ ಬೆರಳು ತಾನಾಗಿಯೇ ಎಣಿಸಿತು: ಕೂ ಎರಡು, ಸೇ ಎರಡು. ನಾಲ್ಕು ಮಾತ್ರೆ. ಸಾಲು ಸರಿಯಾಗಿಯೇ ಇತ್ತು.

ಒಂದನೇ ಸಾಲಿಗೆ ‘ಅದು’ ತುರುಕಿ ಸರಿಮಾಡಲು ಬರುತ್ತಿದ್ದವನಿಗೆ ಮೂರನೆಯದಕ್ಕೂ ಏನಾದರೊಂದು ತುರುಕಲು ಬರುತ್ತಿರಲಿಲ್ಲವೇ? ಪದ್ಯ ಬಿಡಿಸಿ ಹೇಳುವುದೇ ಕಸುಬಾದವಳಿಗೆ ಇಷ್ಟು ಹೊಳೆಯಲಿಲ್ಲ. ಅಪ್ಪನ ಅಳುವನ್ನು ತಪ್ಪೆಂದು ತೋರಿಸಿ ಹತ್ತು ವರ್ಷ ಮಕ್ಕಳ ಕೈಲಿ ಗುರುತು ಹಾಕಿಸಿದಳು. ಒಂದು ಮಾತು ಹೇಳಬಹುದಿತ್ತಲ್ಲ ಅವನು! ಆದರೆ ಹೇಳಬೇಕಾದರೆ ಆ ಪದವನ್ನು ಬಾಯಿಬಿಟ್ಟು ಆಡಬೇಕಿತ್ತು.

ಅವಳು ಕಾಗದದ ಕಟ್ಟಿನ ಮೇಲೆ ಕುಸಿದು ಕುಳಿತು ಬಿಕ್ಕಿ ಬಿಕ್ಕಿ ಅತ್ತಳು. ಮೆಷಿನ್ ಮಾವ ಸಮಾಧಾನ ಹೇಳಲು ಹೋಗಲಿಲ್ಲ. “ಟೈಮಾಯ್ತಮ್ಮ,” ಎಂದರು, ಅಷ್ಟೇ.

“ತೆಗೆದ್ಬಿಡಿ ಮಾವ.”

*

ಗುಂಡಿಯ ಸುತ್ತ ಜನ ಇಕ್ಕಟ್ಟಾಗಿ ನಿಂತಿದ್ದರು. ಮುಂದೆ ನಿಂತಿದ್ದವಳು ಅಪ್ಪನ ಅಕ್ಕ, ಎಂಬತ್ತರ ಮುದುಕಿ. ಓದಲು ಕಲಿತದ್ದೇ ಅರವತ್ತು ದಾಟಿದ ಮೇಲೆ, ಅದೂ ತಮ್ಮನ ಕೈಯಲ್ಲಿ. ಕಾರ್ಡಿನ ಮೇಲೆ ಬೆರಳಿಟ್ಟು, “ಇಲ್ಲೇನೋ ಬಿಟ್ಟುಹೋಗಿದೆಯಲ್ಲೋ, ಕಾಲೇಜಲ್ಲಿ ಹೇಳ್ಕೊಡ್ತಾಳಂತೆ ಬೇರೆ,” ಎಂದು ಪಕ್ಕದ ಟೈಲರನಿಗೆ ತೋರಿಸಿದಳು.

“ಇರ್ಲಿ ಬಿಡಿ ಅಜ್ಜಿ. ಓದುವಾಗ ಗೊತ್ತಾಗುತ್ತೆ,” ಎಂದ ಟೈಲರ್.

ಮಗಳು ಓದತೊಡಗಿದಳು. ಎರಡು ಸಾಲು ಸಲೀಸಾಗಿ ಹೋಯಿತು. “ಮೇಜಿನ ಮೇಲಿದೆ” ಎಂದು ನಿಂತಳು. ಉಸಿರೆಳೆದುಕೊಂಡಳು. ಯಾರೂ ಕತ್ತೆತ್ತಿ ನೋಡಲಿಲ್ಲ. “ಪೆನ್ನು.” ಅಬ್ಬ, ದಾಟಿದೆ ಎಂದುಕೊಂಡಳು. ಆದರೆ “ಮುಚ್ಚಳ” ಎನ್ನುವಷ್ಟರಲ್ಲಿ, ಜಾಗವನ್ನೇ ಬಿಡದಿದ್ದ ಕಡೆ, ದನಿ ಪೂರ್ತಿ ಹೊರಟುಹೋಯಿತು.

ಟೈಲರ್ ತನ್ನ ಕೈಯ ಕಾರ್ಡು ನೋಡಿ ಆ ಸಾಲನ್ನು ಓದಿದ. ಅವನ ಹಿಂದಿನವರು ಓದಿದರು. ಆಮೇಲೆ ಎಲ್ಲರೂ, ಒಬ್ಬರು ಮುಂದೆ ಒಬ್ಬರು ಹಿಂದೆ, ತಾಳವಿಲ್ಲ ಲಯವಿಲ್ಲ, ಬಂದ ಹಾಗೆ ಓದಿ ಮುಗಿಸಿದರು.

ಮುದುಕಿಯದು ಮಾತ್ರ ಮುಗಿದಿರಲಿಲ್ಲ. ಬೆರಳನ್ನು ಅಕ್ಷರದಿಂದ ಅಕ್ಷರಕ್ಕೆ ಸರಿಸುತ್ತ, ಕೂಡಿಸಿ ಕೂಡಿಸಿ ಓದುತ್ತಿದ್ದಳು. ಗುದ್ದಲಿ ಹಿಡಿದಿದ್ದವರೂ ಕಾದು ನಿಂತರು.

“ಏ… ತ… ಕೆ,” ಎಂದಳು ಅವಳು. ತಲೆಯೆತ್ತಿ ಗುಂಡಿಯೊಳಗೆ ನೋಡಿದಳು. ಮತ್ತೆ ಕಾರ್ಡಿನಲ್ಲಿ ಅಕ್ಷರ ಹುಡುಕಿ ಬೆರಳಿಟ್ಟಳು. “ಇಟ್ಟೆ?”