ಹೆಸರು ಬರೆಯದ ಮಿರ್ಚಿ

ಕಂಪ್ಲಿಯ ನಮ್ಮ ಮನೆಯಲ್ಲಿ ಕಳ್ಳತನ ಅಂದರೆ ಮಿರ್ಚಿ ಕಳ್ಳತನ. ಭಾನುವಾರ ಸಂಜೆ ಅವ್ವ ಮಂಡಕ್ಕಿ ಒಗ್ಗರಣೆ ಮಾಡಿ, ಜೊತೆಗೆ ಬಿಸಿಬಿಸಿ ಮಿರ್ಚಿ ಬಜ್ಜಿ ಕರಿಯುತ್ತಿದ್ದಳು. ನಾನು ಹೀರೋ ಥರ ಕೈ ಎತ್ತಿ ಡೈಲಾಗ್ ಹೊಡೆಯುವಷ್ಟರಲ್ಲಿ ನನ್ನ ತಟ್ಟೆಯಿಂದ ಒಂದು ಮಾಯ.

"ಏ ಅಕ್ಕಾ, ಅದು ನಂದು!"

ದೇವಿಕಾ ಅಗಿಯುತ್ತಲೇ ಕೇಳುತ್ತಿದ್ದಳು, "ಹೆಸ್ರು ಬರ್ದೈತೇನ್ಲೇ ಅದ್ರ ಮ್ಯಾಲೆ?"

ಆ ಮಾತು ಕೇಳಿ ಎಷ್ಟು ಕಾಲವಾಯಿತೋ. ಈಗ ನನ್ನ ಮಿರ್ಚಿಗಳೆಲ್ಲ ನನ್ನ ತಟ್ಟೆಯಲ್ಲೇ ಕ್ಷೇಮವಾಗಿರುತ್ತವೆ. ತಿಂದರೆ ಹುಲ್ಲು ತಿಂದಂತೆ.

ಅಕ್ಕನಿಗೆ ಊಟದ ಕಾಯಿಲೆ. ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲ, ಯಾಕೆಂದರೆ ಅವಳು ತೆಳ್ಳಗಿಲ್ಲ. ಎಂದೂ ಇರಲಿಲ್ಲ. ಊಟ ಬಿಟ್ಟು ಬಿಟ್ಟು ಸೊರಗುತ್ತಿದ್ದಾಗ ಓಣಿಯವರೆಲ್ಲ "ಮಸ್ತ್ ಸಣ್ಣಾಗೀಯಲ್ಲ" ಅಂತ ಹೊಗಳಿದರು. ಬಚ್ಚಲ ಬಾಗಿಲಲ್ಲಿ ತಲೆ ತಿರುಗಿ ಬಿದ್ದಾಗ ತೋರಿಸಿದ ಡಾಕ್ಟರು ಕೂಡ ತೂಕದ ಮಷೀನು ಹತ್ತಿಸಿ, "ಇನ್ನೂ ಸ್ವಲ್ಪ ಇಳಿಸಮ್ಮ" ಅಂದುಬಿಟ್ಟರು. ಅವತ್ತು ಮನೆಗೆ ಬಂದವಳು ತಟ್ಟೆ ತೆಗೆದುಕೊಂಡು ಒಳಗಿನ ಕೋಣೆ ಸೇರಿದಳು. ಆಮೇಲೆ ನಮ್ಮ ಜೊತೆ ಕೂತು ಉಂಡಿಲ್ಲ.

ಈಗ ವಾರಕ್ಕೊಮ್ಮೆ ಹೊಸಪೇಟೆಯ ಸಂಘಮಿತ್ರಾ ಮೇಡಂ ಹತ್ತಿರ ಹೋಗುತ್ತಾಳೆ. ಊಟಕ್ಕೆ ಹೆದರುವವರಿಗೆ ಮತ್ತೆ ಊಟದ ಸ್ನೇಹ ಮಾಡಿಸುವುದು ಅವರ ಕೆಲಸ. ನನಗೆ ತೋರಣಗಲ್ಲಿನ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ. ಒಂದು ಸಲ ಅವಳು ಹೋಗುವ ದಿನವೇ ರಜೆ ಇತ್ತು, ಅಕ್ಕನ ಜೊತೆ ನಾನೂ ಬಸ್ಸು ಹತ್ತಿದೆ. ಮೇಡಂ ರೂಮಿನಲ್ಲಿ ಎರಡು ಅಗಲವಾದ ಕುರ್ಚಿ, ಒಂದು ಬೆಂಚು, ನೀರಿನ ಹೂಜಿ. ನಾನು ಮೂಲೆ ಮೂಲೆ ಹುಡುಕಿದೆ.

"ಮೇಡಂ, ವಿಲನ್ ಎಲ್ರೀ?"

"ಯಾರು?"

"ತೂಕದ ಮಷೀನು."

"ನಮ್ಮ ಸಿನಿಮಾದಾಗ ಅದಕ್ಕ ಪಾತ್ರ ಇಲ್ರಿ," ಅಂದರು. "ಬಿಪಿ, ರಕ್ತ ಎಲ್ಲಾ ಬ್ಯಾರೆ ಡಾಕ್ಟ್ರು ನೋಡ್ಕೊಂತಾರ. ನಾವು ನೋಡೋದು ಹೊತ್ತಿಗೆ ಸರಿಯಾಗಿ ಹೊಟ್ಟಿಗೆ ಬಿತ್ತಾ, ಹೆದ್ರಿಕಿ ಕಮ್ಮಿ ಆತಾ, ಅಷ್ಟ. ಮೈ ಯಾವ ಅಳತಿದಾದ್ರೂ ಇರ್ಲಿ, ಅದಕ್ಕ ಹಸಿವು ಇರ್ತೈತಿ."

ಆಮೇಲೆ ಅಕ್ಕನ ಕಡೆ ತಿರುಗಿ ಕೇಳಿದರು, "ಆಸೆನೂ ಐತಿ, ಹೆದ್ರಿಕಿನೂ ಐತಿ ಅನ್ನೋ ತಿಂಡಿ ಯಾವುದು ದೇವಿಕಾ?"

ಅಕ್ಕ ತನ್ನ ಉಗುರು ನೋಡುತ್ತಾ, "ಮಿರ್ಚಿ," ಅಂದಳು.

ನನ್ನ ಬಾಯಿಗೆ ಒಂದು ಡೈಲಾಗ್ ಬಂತು. ನುಂಗಿದೆ.

"ಇವತ್ತ ಟ್ರೈ ಮಾಡ್ರಿ. ಆಗ್ಲಿಲ್ಲ ಅಂದ್ರ ಇನ್ನೊಂದಿನ," ಅಂದ ಮೇಡಂ ನನಗೆ ಬೆರಳು ತೋರಿಸಿದರು. "ಪಂಪೇಶ್, ಆಕಿ ತಿಂದ್ರೂ ಕಾಮೆಂಟರಿ ಬ್ಯಾಡ, ಬಿಟ್ರೂ ಬ್ಯಾಡ. ಚಪ್ಪಾಳಿ ಅಂತೂ ಬ್ಯಾಡ್ವೇ ಬ್ಯಾಡ."

"ಹಂಗಾರ ನಂದು ಮೂಕಿ ಸಿನಿಮಾ ಅನ್ರಿ."

"ಊರ ಸುದ್ದಿ ಎಲ್ಲಾ ಮಾತಾಡ್ರಿ. ಆಕಿ ತಟ್ಟಿ, ಆಕಿ ಮೈ, ಅವೆರಡು ಬಿಡ್ರಿ."

ಬಸ್ ಸ್ಟ್ಯಾಂಡ್ ಪಕ್ಕ ಹೊನ್ನೂರಪ್ಪನ ಬಂಡಿ. ಎರಡು ಕಾಗದದ ಮೇಲೆ ಒಗ್ಗರಣೆ, ಒಂದೊಂದರ ಪಕ್ಕ ಮಿರ್ಚಿ. ನಾನು ಹಂಪಿಗೆ ಹೊರಟ ವಿದೇಶಿಯೊಬ್ಬನ ಚಡ್ಡಿಯ ಬಗ್ಗೆ, ನಮ್ಮ ಸೂಪರ್‌ವೈಸರ್ ಮೀಸೆಯ ಬಗ್ಗೆ ಮಾತಾಡಿದ್ದೇ ಮಾತಾಡಿದ್ದು. ಕಣ್ಣಂಚಿನಲ್ಲಿ ಮಾತ್ರ ಅವಳ ಬೆರಳು. ಅದು ಮಂಡಕ್ಕಿ ದಾಟಿ ಮಿರ್ಚಿಯ ತೊಟ್ಟಿನ ಹತ್ತಿರ ಬಂತು.

ಅಷ್ಟರಲ್ಲಿ ಅನುಸೂಯತ್ತೆಯ ಎಂಟ್ರಿ. ಸಂಡೂರಿನ ಬಸ್ಸಿಗೆ ಓಡುತ್ತಿದ್ದವರು ಅಕ್ಕನನ್ನು ಕಂಡು ಬ್ರೇಕ್ ಹಾಕಿದರು.

"ಏನವಾ ದೇವಿ! ಮೈಕೈ ತುಂಬಿಕೊಂಡು ಲಕ್ಷ್ಮಿ ಹಂಗ ಕಾಣ್ತಿ! ಇಷ್ಟ ಸಾಕು ನೋಡು, ಇನ್ನ ಜಾಸ್ತಿ ಆಗಬ್ಯಾಡ," ಅಂತ ಕೆನ್ನೆ ಚಿವುಟಿ, ಬಸ್ಸು ಹತ್ತಿ ಹೋದರು. ಪ್ರೀತಿಯಿಂದಲೇ ಅಂದದ್ದು. ನಮ್ಮ ಕಡೆ ಹುಷಾರಾದವರನ್ನು ಹರಸುವುದೇ ಹಾಗೆ.

ಅಕ್ಕನ ಕೈ ಹಿಂದಕ್ಕೆ ಬಂತು. ಏನೂ ಮುಟ್ಟಿರದ ಬೆರಳನ್ನು ವೇಲಿಗೆ ಒರೆಸಿಕೊಂಡಳು. "ನಡಿ, ಬಸ್ಸಿಗೆ ಹೊತ್ತಾತು."

ತಿನ್ನು ಅನ್ನುವಂತಿಲ್ಲ. ಅತ್ತೆ ಹೇಳಿದ್ದನ್ನು ಬಿಡು ಅಂದರೆ ಅದೂ ಮೈಯ ಮಾತೇ. ನನ್ನ ತಲೆಯಲ್ಲಿದ್ದ ಅಷ್ಟೂ ಸಿನಿಮಾಗಳಲ್ಲಿ ಈ ಸೀನಿಗೆ ಒಂದು ಸಾಲೂ ಇರಲಿಲ್ಲ. ಆಗ ನೆನಪಾದದ್ದು ಅವ್ವ. ಯಾರು ಏನಂದರೂ ಸಂಜೆ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುವವಳು. ಅಕ್ಕನ ಮುಂದಿದ್ದ ಮಿರ್ಚಿಯನ್ನು ತೊಟ್ಟು ಹಿಡಿದು ಎತ್ತಿದೆ. ಅವಳ ಮುಖದ ಸುತ್ತ ತಿರುಗಿಸತೊಡಗಿದೆ.

"ಅತ್ತಿ ಕಣ್ಣು, ಓಣಿಯವ್ರ ಕಣ್ಣು, ಅವ್ವನ ಕಣ್ಣು, ನನ್ನ ಕಣ್ಣು, ತೂಕದ ಮಷೀನಿನ ಕೆಂಗಣ್ಣು..."

"ಲೇ, ಎಲ್ರೂ ನೋಡ್ತಾರ!"

"ನೋಡೋರ ಕಣ್ಣು, ಕನ್ನಡಿ ಒಳಗಿರೋ ನಿನ್ನ ಕಣ್ಣು..."

ಅದು ಹೇಗೋ ಬಾಯಿಂದ ಜಾರಿತು. ಅಕ್ಕ ನನ್ನನ್ನೇ ನೋಡಿದಳು. ನಾನು ಗಡಿಬಿಡಿಯಲ್ಲಿ "ಥೂ, ಥೂ, ಥೂ" ಅಂದು ಮಿರ್ಚಿಯನ್ನು ವಾಪಸ್ ಅವಳ ಕಾಗದದ ಮೇಲೆ ಇಡಲು ಹೋದೆ.

"ಏ ತಮ್ಮಾ!" ಹೊನ್ನೂರಪ್ಪ ಜಾಲರಿ ಸೌಟು ಎತ್ತಿ ಕೂಗಿದ. "ದಿಷ್ಟಿ ತೆಗೆದದ್ದು ಯಾರಾನ ತಿಂತಾರೇನು? ಒಲಿಗೆ ಹಾಕು!"

ನನ್ನ ಕೈಯಿಂದ ಕಿತ್ತು ಅವನೇ ಬೆಂಕಿಗೆ ಎಸೆದ. ಎಣ್ಣೆ ಕುಡಿದ ಮಿರ್ಚಿ ಭಗ್ ಎಂದು ಹತ್ತಿಕೊಂಡಿತು. ಆ ಘಾಟಿಗೆ ಹೊನ್ನೂರಪ್ಪ ಕೆಮ್ಮಿದ, ಅಲ್ಲೇ ನಿಂತಿದ್ದ ಕಂಡಕ್ಟರೊಬ್ಬ ಕೆಮ್ಮಿದ, ಅಕ್ಕ ಕೆಮ್ಮುತ್ತಾ ಕೆಮ್ಮುತ್ತಾ ನಕ್ಕಳು. ಕಣ್ಣಲ್ಲಿ ನೀರು. ಘಾಟಿನದೋ ಏನೋ, ಕೇಳಲಿಲ್ಲ.

"ನಂದು ಸುಟ್ಟಿ," ಅಂದಳು.

ಅವಳ ಕೈ ನನ್ನ ಕಾಗದದ ಮೇಲೆ ಬಂತು. ನನ್ನ ಮಿರ್ಚಿ ಮೇಲೆದ್ದಿತು. ಅವಳ ಬಾಯಿಯ ಹತ್ತಿರ ಹೋಗಿ ನಿಂತಿತು. ಭಾಳ ಹೊತ್ತು ನಿಂತಿತು.

ಕಚ್ಚಿದಳು.

ಎದೆಯೊಳಗೆ ಥಿಯೇಟರ್ ತುಂಬ ಸೀಟಿ. ಒಂದೂ ಹೊರಗೆ ಬರುವಂತಿಲ್ಲ. ಆದರೆ ಮಾಲು ಕಳಕೊಂಡವನು ಕೂಗಲೇಬೇಕಲ್ಲ?

"ಏ ಅಕ್ಕಾ, ಅದು ನಂದು!"

ಅವಳು ಅಗಿಯುತ್ತಾ ಬಸ್ಸುಗಳ ಕಡೆ ನೋಡುತ್ತಿದ್ದಳು. ನುಂಗಲು ಹೊತ್ತು ಹಿಡಿಯಿತು.

"ಹೆಸ್ರು ಬರ್ದೈತೇನ್ಲೇ?" ಅಂದಳು. ಸಣ್ಣ ದನಿ, ಹಳೆಯ ಜೋರು ಇರಲಿಲ್ಲ.

ಅರ್ಧ ತಿಂದು ಉಳಿದದ್ದನ್ನು ನನ್ನ ಕಾಗದದ ಮೇಲೆ ಇಟ್ಟಳು. ಕಂಪ್ಲಿ ಬಸ್ಸು ಬಂತು. ಆ ಅರ್ಧ ಮಿರ್ಚಿಯನ್ನು ಕಾಗದದಲ್ಲಿ ಸುತ್ತಿ ಕೈಯಲ್ಲಿ ಹಿಡಿದು ಹತ್ತಿದೆ. ಊರು ಬರುವವರೆಗೂ ಅದು ನನ್ನ ತೊಡೆಯ ಮೇಲೆ ತಣ್ಣಗಾಗುತ್ತಾ ಇತ್ತು. ಪಕ್ಕದಲ್ಲಿ ಅಕ್ಕ ಕಿಟಕಿಗೆ ತಲೆ ಆನಿಸಿದ್ದಳು. ನಾನು ಮೀಸೆಯ ಸೂಪರ್‌ವೈಸರ್ ಕಥೆಯನ್ನು ಮತ್ತೆ ಮೊದಲಿನಿಂದ ಶುರು ಮಾಡಿದೆ, ಪೊಟ್ಟಣದ ಬಾಯಿ ಅವಳ ಕಡೆಗೇ ಬಿಚ್ಚಿಟ್ಟು.